ಸೀತಾಳೆ ಇದ್ದಲ್ಲೇ ಇರಲಿ: ಮಲೆನಾಡಿನ ಕಾಡು ಆರ್ಕಿಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನನ್ನ ಫೋನ್ ಸುಮ್ಮನಿರುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಆಲೂರು, ಕೊಪ್ಪ ಎಲ್ಲ ಕಡೆಯಿಂದ ಹೂವಿನ ಫೋಟೋಗಳು ಬರುತ್ತವೆ. ಇದು ಯಾವ ಹೂ, ಮನೆಗೆ ತರಬಹುದಾ, ಮರ ಕಡಿಯುತ್ತಿದ್ದಾರೆ ಏನು ಮಾಡಲಿ ಅಂತ ಕೇಳುತ್ತಾರೆ. ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟದವಳು. ಇಪ್ಪತ್ತು ವರ್ಷದಿಂದ ಮರಗಳ ಮೇಲೆ ಕಣ್ಣಿಟ್ಟುಕೊಂಡು ಓಡಾಡಿದ್ದೇನೆ, ಗೊತ್ತಿರುವವರನ್ನು ಕೇಳಿ ಕಲಿತಿದ್ದೇನೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸೀತಾಳೆ ಅಂದರೂ ಆರ್ಕಿಡ್ ಅಂದರೂ ಒಂದೇನಾ?

ಸೀತಾಳೆ ಒಂದು ಆರ್ಕಿಡ್. ಆದರೆ ಆರ್ಕಿಡ್‌ಗಳೆಲ್ಲ ಸೀತಾಳೆ ಅಲ್ಲ. ನಮ್ಮ ಕಡೆ ಮರದ ಮೇಲೆ ಚೆಂದದ ಹೂ ಬಿಡುವ ಯಾವ ಗಿಡಕ್ಕಾದರೂ ಸೀತಾಳೆ ಅನ್ನುವುದು ರೂಢಿ. ನಿಜವಾದ ಸೀತಾಳೆ ದಂಡೆ ಅಂದರೆ ರಿಂಕೋಸ್ಟೈಲಿಸ್ ರೆಟ್ಯೂಸಾ. ಒಂದು ಮೊಳದ ಹೂಗೊಂಚಲು ನರಿಬಾಲದ ಹಾಗೆ ಕೆಳಗೆ ಇಳಿಬಿದ್ದಿರುತ್ತದೆ. ಒಂದೇ ಗೊಂಚಲಿನಲ್ಲಿ ನೂರಕ್ಕೂ ಜಾಸ್ತಿ ಹೂ ಇರಬಹುದು. ಬಿಳಿ ಎಸಳು, ಮೇಲೆ ನಸುನೇರಳೆ ಚುಕ್ಕೆ. ಸೀತಮ್ಮ ವನವಾಸದಲ್ಲಿ ಮುಡಿದ ಹೂವಿದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅಸ್ಸಾಮಿನವರಿಗೂ ಇದರ ಮೇಲೆ ಇಷ್ಟೇ ಪ್ರೀತಿ. ಅಲ್ಲಿ ಇದು ರಾಜ್ಯದ ಹೂ. ಬಿಹು ಕುಣಿಯುವಾಗ ಹೆಣ್ಣುಮಕ್ಕಳು ಮುಡಿಯುತ್ತಾರೆ.

ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಹೊರತಂದ ಪಟ್ಟಿಯಲ್ಲಿ ನಮ್ಮ ದೇಶದ 1256 ಜಾತಿಯ ಆರ್ಕಿಡ್‌ಗಳಿವೆ. ಅದರಲ್ಲಿ 388 ಜಾತಿಗಳು ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಆ 388ರಲ್ಲಿ ಸುಮಾರು ಮೂರನೇ ಒಂದು ಪಾಲು ಪಶ್ಚಿಮ ಘಟ್ಟದವು. ಅಂದರೆ ನಮ್ಮ ಮರದ ಮೇಲೆ ಸುಮ್ನೆ ಕೂತಿರುವ ಗಿಡ ಪ್ರಪಂಚದಲ್ಲಿ ಬೇರೆ ಎಲ್ಲೂ ಸಿಗದ್ದು ಆಗಿರಬಹುದು.

ಇದು ಮರದ ರಸ ಹೀರುತ್ತದಂತೆ, ನಿಜವಾ?

ಇಲ್ಲ. ರಸ ಹೀರುವುದು ಬದನಿಕೆ. ಬದನಿಕೆ ತನ್ನ ಬೇರನ್ನು ಕೊಂಬೆಯ ಒಳಕ್ಕೇ ಇಳಿಸುತ್ತದೆ, ಆ ಜಾಗದಲ್ಲಿ ಕೊಂಬೆ ಗಂಟುಗಟ್ಟುತ್ತದೆ. ಆರ್ಕಿಡ್‌ನ ಬೇರು ತೊಗಟೆಯ ಮೇಲೆ ಹರಿದಾಡುತ್ತದೆ ಅಷ್ಟೇ. ಅದಕ್ಕೆ ಬೇಕಿರುವುದು ಕೂರಲು ಒಂದು ಜಾಗ. ನೀರು ಮಳೆಯಿಂದ, ಮಂಜಿನಿಂದ ಸಿಗುತ್ತದೆ. ಗೊಬ್ಬರ ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಯಿಂದ, ಪಾಚಿಯಿಂದ, ಹಕ್ಕಿ ಹಿಕ್ಕೆಯಿಂದ ಸಿಗುತ್ತದೆ.

ಒಂದು ಬೇರನ್ನು ಹತ್ತಿರದಿಂದ ನೋಡಿ. ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಅದರ ಮೇಲಿನ ಪದರ ಸ್ಪಂಜಿನಂಥದ್ದು, ಒಳಗೆಲ್ಲ ಗಾಳಿ. ಎರಡು ಹನಿ ನೀರು ಬಿಡಿ. ನೋಡನೋಡುತ್ತಲೇ ಬಿಳಿ ಹೋಗಿ ಹಸಿರು ಬರುತ್ತದೆ. ನೀರು ಹೀರಿಕೊಂಡ ಪದರದ ಒಳಗಿಂದ ಬೇರಿನ ಹಸಿರು ಕಾಣುವುದು. ಮಕ್ಕಳಿಗೆ ನಾನು ಮೊದಲು ತೋರಿಸುವುದೇ ಇದನ್ನ.

ಈ ಪ್ರಶ್ನೆಗೆ ಇಷ್ಟು ಉದ್ದ ಉತ್ತರ ಬರೆಯಲು ಕಾರಣ ಇದೆ. ರಸ ಹೀರುತ್ತದೆ ಅಂತ ನಂಬಿ ಎಷ್ಟೋ ತೋಟಗಳಲ್ಲಿ ಬದನಿಕೆ ಜೊತೆಗೆ ಆರ್ಕಿಡ್‌ಗಳನ್ನೂ ಕೆರೆದು ಬಿಸಾಕುತ್ತಾರೆ. ನಿಮ್ಮ ಮೇಸ್ತ್ರಿಗೆ ಇವೆರಡರ ವ್ಯತ್ಯಾಸ ಒಂದು ಸಲ ತೋರಿಸಿದರೆ ಸಾಕು, ಅರ್ಧ ಕೆಲಸ ಆದಂತೆ.

ಎಲ್ಲಾ ಆರ್ಕಿಡ್‌ಗಳೂ ಮರದ ಮೇಲೇ ಇರುತ್ತವಾ?

ಇಲ್ಲ. ನೆಲದಲ್ಲಿ ಗೆಡ್ಡೆಯಿಂದ ಹುಟ್ಟುವವೂ ಬೇಕಾದಷ್ಟಿವೆ. ಬಾಬಾಬುಡನ್‌ಗಿರಿ, ಕುದುರೆಮುಖದ ಹುಲ್ಲುಗಾವಲಿನಲ್ಲಿ ನೀವು ಮಳೆಗಾಲದಲ್ಲಿ ನೋಡುವುದು ಹೆಚ್ಚಾಗಿ ಅವನ್ನೇ.

ಹೂವು ಆರ್ಕಿಡ್‌ನದ್ದೇ ಅಂತ ಹೇಗೆ ಗುರುತಿಸುವುದು?

ತುಟಿ ನೋಡಿ. ಹೊರಗೆ ಮೂರು ಎಸಳು, ಒಳಗೆ ಮೂರು. ಒಳಗಿನ ಮೂರರಲ್ಲಿ ಒಂದು ಮಾತ್ರ ಬೇರೆ ಥರ ಇರುತ್ತದೆ. ಬಣ್ಣ ಬೇರೆ, ಆಕಾರ ಬೇರೆ, ಕೆಲವು ಸಲ ಅಂಚಿಗೆ ನಿರಿಗೆ, ಹಿಂದಕ್ಕೆ ಒಂದು ಬಾಲ. ಅದೇ ತುಟಿ. ಹುಳ ಬಂದು ಇಳಿಯುವ ಜಗುಲಿ ಅದು. ಹೂವಿನ ನಡುವೆ ಕೇಸರ, ಶಲಾಕೆ ಅಂತ ಬೇರೆ ಬೇರೆ ಕಾಣುವುದಿಲ್ಲ. ಎರಡೂ ಕೂಡಿ ಒಂದೇ ಕಂಬ ಆಗಿರುತ್ತದೆ. ಪರಾಗವೂ ಪುಡಿ ಆಗಿರದೆ ಗುಂಡಾಗಿ ಗಟ್ಟಿಕೊಂಡಿರುತ್ತದೆ. ಒಂದು ಸಲ ಸೀತಾಳೆ ಗೊಂಚಲಿನಿಂದ ಎದ್ದ ಜೇನುನೊಣದ ತಲೆ ಮೇಲೆ ಎರಡು ಹಳದಿ ಗುಂಡು ಅಂಟಿಕೊಂಡಿದ್ದನ್ನು ಕಂಡೆ. ಕೊಂಬಿನ ಹಾಗಿತ್ತು. ಅದು ಹಾಗೇ ಮುಂದಿನ ಹೂವಿಗೆ ಹೋಗಿ ಕೂತಿತು.

ಇನ್ನೊಂದು ಸೊಗಸು ಇದೆ. ಮೊಗ್ಗಿನಲ್ಲಿ ತುಟಿ ಮೇಲುಗಡೆ ಇರುತ್ತದೆ. ಅರಳುವ ಹೊತ್ತಿಗೆ ತೊಟ್ಟು ಅರ್ಧ ಸುತ್ತು ತಿರುಚಿಕೊಂಡು ತುಟಿಯನ್ನು ಕೆಳಕ್ಕೆ ತರುತ್ತದೆ. ಆ ತಿರುಚು ಬರಿಗಣ್ಣಿಗೇ ಕಾಣುತ್ತದೆ. ಬೆಟ್ಟದ ಹುಲ್ಲಿನಲ್ಲಿ ಸಿಗುವ ಗುಲಾಬಿ ಬಣ್ಣದ ಸಟೀರಿಯಂ ಮಾತ್ರ ಹೀಗೆ ತಿರುಗುವುದಿಲ್ಲ. ಅದರ ತುಟಿ ಮೇಲೇ ಉಳಿಯುತ್ತದೆ, ಹಿಂದೆ ಎರಡು ಬಾಲ ಇರುತ್ತವೆ.

ಯಾವ ತಿಂಗಳಲ್ಲಿ ಏನು ನೋಡಬಹುದು?

ನಾನು ಲೆಕ್ಕ ಇಡುವುದು ಮಳೆ ನಕ್ಷತ್ರದಲ್ಲಿ. ಆರ್ಕಿಡ್‌ಗಳೂ ಹೆಚ್ಚು ಕಡಿಮೆ ಅದನ್ನೇ ಕೇಳುತ್ತವೆ ಅಂತ ನನಗನ್ನಿಸಿದೆ.

ಚಳಿ ಮುಗಿದು ಕಾಫಿಗೆ ಹೂಮಳೆ ಕಾಯುವ ದಿನಗಳಲ್ಲಿ ಡೆಂಡ್ರೋಬಿಯಂ ಬಾರ್ಬಟುಲಮ್ ಅರಳುತ್ತದೆ. ಎಲೆ ಎಲ್ಲ ಉದುರಿ ಒಣಗಿದ ಕಡ್ಡಿಯ ಹಾಗೆ ಕಾಣುವ ಗಿಡದಲ್ಲಿ ಬೆಳ್ಳಗಿನ ಹೂಗೊಂಚಲು. ಗಿಡ ಸತ್ತಿದೆ ಅಂದುಕೊಂಡು ಕಿತ್ತು ಹಾಕಿದವರಿದ್ದಾರೆ. ಸತ್ತಿರುವುದಿಲ್ಲ, ಬೇಸಿಗೆಗೆ ನೀರು ಉಳಿಸಿಕೊಳ್ಳಲು ಎಲೆ ಬಿಟ್ಟುಕೊಟ್ಟಿರುತ್ತದೆ. ಮಾರ್ಚ್ ಕಳೆದ ಮೇಲೆ ಕಾಟೋನಿಯಾ ನೋಡಬಹುದು. ತೆಳ್ಳನೆಯ ಉದ್ದ ಕಡ್ಡಿ, ತುದಿಯಲ್ಲಿ ಒಂದೆರಡು ಹೂ. ಹೂವಿನ ತುಟಿ ಥೇಟ್ ಒಂದು ದುಂಬಿ ಕೂತ ಹಾಗೆ, ಕಂದು ಬಣ್ಣ, ಅಂಚಿಗೆ ಹಳದಿ. ಗಾಳಿಗೆ ಕಡ್ಡಿ ಆಡಿದಾಗ ದುಂಬಿ ಹಾರಾಡಿದಂತೆಯೇ ಕಾಣುತ್ತದೆ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದಲ್ಲಿ ಸಿಗುವ ಹೂವಿದು.

ಕೃತ್ತಿಕೆ, ರೋಹಿಣಿ ಮಳೆ ಹೊತ್ತು, ಅಂದರೆ ಮೇ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಹಬ್ಬ. ಸೀತಾಳೆ ದಂಡೆ ಇಳಿಬೀಳುವುದು ಆಗ. ಏರಿಡೀಸ್ ಕ್ರಿಸ್ಪಾ ಕೂಡ ಆಗಲೇ. ದೊಡ್ಡ ಗುಲಾಬಿ ತುಟಿ, ಬೆಳಗಿನ ಹೊತ್ತು ಮರದ ಕೆಳಗೆ ನಿಂತರೆ ಪರಿಮಳ ಬರುತ್ತದೆ. ನೆಲದಲ್ಲಿ ನರ್ವೀಲಿಯಾ ಹುಡುಕಿ. ಮೊದಲು ಹೂ ಬರುತ್ತದೆ, ಅದು ಹೋದ ಮೇಲೆ ಒಂದೇ ಒಂದು ಎಲೆ. ಹೂ ಮತ್ತು ಎಲೆ ಒಂದನ್ನೊಂದು ನೋಡುವುದೇ ಇಲ್ಲ.

ಮೃಗಶಿರ ಹಿಡಿದು ಆರಿದ್ರಾ ಬರುವಷ್ಟರಲ್ಲಿ ಹುಲ್ಲುಗುಡ್ಡದಲ್ಲಿ ಹೆಬನೇರಿಯಾಗಳು ಶುರು. ಹೆಬನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್‌ಗೆ ನೆಲಕ್ಕೆ ಅಂಟಿಕೊಂಡ ಒಂದು ದುಂಡು ಎಲೆ, ಅದರ ನಡುವಿನಿಂದ ಎದ್ದ ಕಡ್ಡಿಯಲ್ಲಿ ಬಿಳಿ ಹೂ. ಉದ್ದ ಬಾಲದ ಬಿಳಿ ಹೆಬನೇರಿಯಾಗಳು ಸಂಜೆ ಮೇಲೆ ಘಮ್ಮೆನ್ನುತ್ತವೆ. ಬಾಲದ ತುದಿಯಲ್ಲಿರುವ ಮಕರಂದಕ್ಕೆ ಉದ್ದ ನಾಲಿಗೆಯ ರಾತ್ರಿ ಪತಂಗಗಳು ಬರುತ್ತವೆ. ಇದೇ ಸಮಯದಲ್ಲಿ ಮರದ ಕಾಂಡದ ಮೇಲೆ ಪೋರ್‌ಪ್ಯಾಕ್ಸ್ ಹೂ ಬಿಡುತ್ತದೆ. ಅಂಗಿ ಗುಂಡಿಯಷ್ಟೇ ಇರುವ ಗಿಡ. ನನಗೆ ಅದನ್ನು ಮೊದಲ ಸಲ ನೋಡಲು ಆರು ಮಳೆಗಾಲ ಬೇಕಾಯಿತು.

ಮಖ, ಹುಬ್ಬ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎತ್ತರದ ಗುಡ್ಡಗಳಲ್ಲಿ ಸಟೀರಿಯಂ. ಅಲ್ಲಿಗೆ ಒಂದು ಸುತ್ತು ಮುಗಿಯಿತು.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಎಲ್ಲಿ ಹುಡುಕಬೇಕು?

ಮೊದಲು ನಿಮ್ಮ ತೋಟದಲ್ಲೇ ಹುಡುಕಿ. ದೊಡ್ಡ ಮತ್ತಿ ಮರ ಇದ್ದರೆ ಅಲ್ಲಿಂದ ಶುರು ಮಾಡಿ. ಮೊಸಳೆ ಬೆನ್ನಿನ ಹಾಗೆ ಬಿರಿದ ತೊಗಟೆ ಅದರದ್ದು. ಬೀಜ ನಿಲ್ಲಲು, ನೀರು ತಂಗಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹಲಸು, ಮಾವು, ಅತ್ತಿ, ಹೊನ್ನೆ ಕೂಡ ನೋಡಿ. ನಂದಿ ಮರದ ತೊಗಟೆ ನುಣುಪು, ಚಕ್ಕೆ ಚಕ್ಕೆಯಾಗಿ ಸುಲಿದು ಬೀಳುತ್ತದೆ. ಅದರ ಮೇಲೆ ಕಡಿಮೆ.

ಕಾಡಿನ ಕಡೆ ಹೇಳುವುದಾದರೆ ಹಾಸನ ಜಿಲ್ಲೆಯಲ್ಲಿ ಬಿಸಿಲೆ, ಚಿಕ್ಕಮಗಳೂರಿನಲ್ಲಿ ಭದ್ರಾ ಅಭಯಾರಣ್ಯದ ಮುತ್ತೋಡಿ, ಚಾರ್ಮಾಡಿ ಘಾಟಿ, ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ, ಕುದುರೆಮುಖ. ಇಷ್ಟಕ್ಕಿಂತ ಜಾಸ್ತಿ ವಿವರ ಬೇಕೆಂದೇ ಬರೆದಿಲ್ಲ. ಯಾಕೆ ಅಂತ ಫೋಟೋ ಬಗ್ಗೆ ಇರುವ ಪ್ರಶ್ನೆಯಲ್ಲಿ ಹೇಳಿದ್ದೇನೆ. ಬಯಲುಸೀಮೆಯವರು ಬೇಜಾರು ಮಾಡಿಕೊಳ್ಳಬೇಡಿ. ಒಣ ಸೀಮೆಯ ಹಳೇ ಮಾವು, ಹಿಪ್ಪೆ ಮರಗಳ ಮೇಲೂ ವಾಂಡಾ ಟೆಸ್ಸೆಲ್ಲಾಟಾ ಬೆಳೆಯುತ್ತದೆ.

ಅನುಮತಿ ಬೇಕಾ?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯ, ಮೂರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಚಾರಣದ ದಾರಿಗಳಿಗೆ ಮೊದಲೇ ಬುಕ್ ಮಾಡಬೇಕು. ಬೇರೆಯವರ ತೋಟಕ್ಕೆ ಹೋಗುವಾಗ ಮನೆಯವರನ್ನು ಕೇಳಿ. ಬೇಲಿ ಇಲ್ಲದಿದ್ದರೂ ಕೇಳಿ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಇನ್ನೊಂದು ಅನುಮತಿ ಬೇಕು, ಅದು ಆನೆಯದ್ದು. ಆನೆ ಕಾರ್ಯಪಡೆಯವರ ಸಂದೇಶ ನೋಡಿಕೊಂಡು, ತೋಟದ ಕೆಲಸದವರನ್ನು ವಿಚಾರಿಸಿಕೊಂಡು ಹೊರಡಿ. ಮೇಲೆ ನೋಡುತ್ತಾ ನಡೆಯುವವರಿಗೆ ಎದುರಿಗಿರುವುದು ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ.

ಏನೇನು ತೆಗೆದುಕೊಂಡು ಹೋಗಬೇಕು?

ದುರ್ಬೀನು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ನೋಟ್ ಪುಸ್ತಕ, ಇಂಬಳಕ್ಕೆ ಉದ್ದ ಕಾಲುಚೀಲ. ಮಸೂರ ಬಿಟ್ಟು ಹೋಗಬೇಡಿ. ಒಬೆರೋನಿಯಾ ಅಂತ ಒಂದಿದೆ, ಜಡೆ ಹೆಣೆದ ಹಾಗೆ ಚಪ್ಪಟೆ ಎಲೆ. ಅದರ ಹೂ ಒಂದೆರಡು ಮಿಲಿಮೀಟರ್ ಅಷ್ಟೇ. ಬರಿಗಣ್ಣಿಗೆ ಇಲಿಬಾಲ, ಮಸೂರದಲ್ಲಿ ನೂರಾರು ಹೂವಿನ ಸಾಲು.

ಒಂದೇ ಒಂದು ಬುಡ ಮನೆಗೆ ತಂದರೆ ಏನಾಗುತ್ತದೆ? ಕಾಡಿನಲ್ಲಿ ಬೇಕಾದಷ್ಟಿದೆಯಲ್ಲ.

ಕಾಲೇಜಿನಲ್ಲಿದ್ದಾಗ ನಾನೂ ಹೀಗೇ ಅಂದುಕೊಂಡು ಒಂದು ಏರಿಡೀಸ್ ತಂದಿದ್ದೆ. ತೆಂಗಿನ ಚಿಪ್ಪಿಗೆ ಕಟ್ಟಿ ಜಗುಲಿಯಲ್ಲಿ ನೇತುಹಾಕಿ ದಿನಾ ನೀರು ಹಾಕಿದೆ. ಮೊದಲ ವರ್ಷ ಎರಡು ಎಲೆ ಬಂತು. ಮಾರನೇ ವರ್ಷ ಬೇರು ಕೊಳೆಯಿತು. ಮೂರನೇ ವರ್ಷಕ್ಕೆ ಖಾಲಿ ಚಿಪ್ಪು. ಅದನ್ನು ಕಿತ್ತ ಮರಕ್ಕೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಆ ಕವಲಿನಲ್ಲಿ ಇವತ್ತಿಗೂ ಇನ್ನೊಂದು ಹುಟ್ಟಿಲ್ಲ.

ಯಾಕೆ ಹುಟ್ಟಲ್ಲ ಅನ್ನುವುದೇ ಇಡೀ ವಿಷಯದ ತಿರುಳು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ ಇರುತ್ತವೆ. ಧೂಳಿನ ಹಾಗಿರುವ ಬೀಜ. ಗಾಳಿಗೆ ಹಾರಿ ಹೋಗುತ್ತದೆ. ಆದರೆ ಭತ್ತದಲ್ಲೋ ಹುರುಳಿಯಲ್ಲೋ ಇರುವಂತೆ ಅದರೊಳಗೆ ಬುತ್ತಿ ಇಲ್ಲ. ಮೊಳೆಯಬೇಕಾದರೆ ತೊಗಟೆಯಲ್ಲಿ ಅಥವಾ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇರಬೇಕು. ಅದರ ಎಳೆ ಬೀಜದೊಳಗೆ ಹೊಕ್ಕು ಊಟ ಕೊಟ್ಟರೆ ಮಾತ್ರ ಮೊಳಕೆ. ಯಾವುದೋ ಒಂದು ಬೂಷ್ಟು ಇದ್ದರೆ ಸಾಲದು, ಆ ಜಾತಿಗೆ ಒಗ್ಗುವಂಥದ್ದೇ ಬೇಕು. ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಇದನ್ನು 1899ರಲ್ಲಿ ಕಂಡುಹಿಡಿದರು. ಅದಕ್ಕೆ ಮೊದಲು ಯುರೋಪಿನ ತೋಟಗಾರರು ಬೀಜ ಹಾಕಿ ಹಾಕಿ ಸೋತಿದ್ದರು.

ಹಾಗಾಗಿ ಲಕ್ಷ ಬೀಜದಲ್ಲಿ ಬದುಕುವುದು ಒಂದೋ ಎರಡೋ. ಬದುಕಿದ್ದು ಹೂ ಬಿಡುವ ಹೊತ್ತಿಗೆ ಹಲವು ವರ್ಷ. ನೀವು ಎರಡು ನಿಮಿಷದಲ್ಲಿ ಕಿತ್ತ ಬುಡ ನಿಮ್ಮ ಮಗಳಿಗಿಂತ ದೊಡ್ಡದಿರಬಹುದು. ಮರ, ಶಿಲೀಂಧ್ರ, ಹುಳ, ಮಂಜು ಎಲ್ಲ ಸೇರಿ ಸಾಕಿದ ಗಿಡ ಅದು. ಜಗುಲಿಗೆ ತಂದರೆ ಬರುವುದು ಗಿಡ ಮಾತ್ರ.

ಮನೆಯಲ್ಲಿ ಆರ್ಕಿಡ್ ಬೇಕೇ ಬೇಕು ಅಂದರೆ ನರ್ಸರಿಯಲ್ಲಿ ಟಿಶ್ಯೂ ಕಲ್ಚರ್ ಮಾಡಿದ ಫಲೆನಾಪ್ಸಿಸ್, ಹೈಬ್ರಿಡ್ ಡೆಂಡ್ರೋಬಿಯಂ ಸಿಗುತ್ತವೆ. ಕುಂಡದಲ್ಲಿ ಚೆನ್ನಾಗಿ ಬರುತ್ತವೆ. ಅವನ್ನು ತನ್ನಿ.

ಕಾಯಿ ತಂದು ಬೀಜ ಹಾಕಬಹುದಾ?

ಮನೆಯಲ್ಲಿ ಆಗದ ಕೆಲಸ. ಶಿಲೀಂಧ್ರ ಇಲ್ಲದೆ, ಸಕ್ಕರೆ ಮತ್ತು ಲವಣ ಸೇರಿಸಿದ ಅಗರ್ ಅನ್ನುವ ಜೆಲ್ಲಿಯ ಮೇಲೆ ಬೀಜ ಮೊಳೆಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್‌ಸನ್ 1922ರಲ್ಲಿ ತೋರಿಸಿಕೊಟ್ಟರು. ಪ್ರಯೋಗಾಲಯಗಳಲ್ಲಿ ಈಗಲೂ ಅದೇ ದಾರಿ. ಕಾಯಿಯನ್ನು ಮರದಲ್ಲೇ ಬಿಡಿ, ತಾನಾಗಿ ಬಿರಿಯಲಿ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ವಿಶೇಷ ರಕ್ಷಣೆಯ ಗಿಡಗಳ ಪಟ್ಟಿ ಇದೆ. ಅದರಲ್ಲಿ ನೀಲಿ ವಾಂಡಾ, ಕೆಂಪು ವಾಂಡಾ, ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ಗಳು ಇವೆ. ಅವು ನಮ್ಮ ಎರಡು ಜಿಲ್ಲೆಗಳ ಗಿಡಗಳಲ್ಲ. ಸೀತಾಳೆ ಹೆಸರು ಪಟ್ಟಿಯಲ್ಲಿಲ್ಲ, ಹಾಗಾದರೆ ಕೀಳಬಹುದು ಅಂತ ಕೆಲವರು ವಾದ ಮಾಡುತ್ತಾರೆ. ತಪ್ಪು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಗಿಂದ ಯಾವ ಗಿಡವನ್ನೂ ಕಿತ್ತು ತರುವಂತಿಲ್ಲ. ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಕಾಯ್ದೆ 1963 ಇದೆ. ಇನ್ನು ದೇಶದಿಂದ ದೇಶಕ್ಕೆ ಮಾರಾಟದ ವಿಷಯಕ್ಕೆ ಬಂದರೆ, ಇಡೀ ಆರ್ಕಿಡ್ ಕುಟುಂಬವೇ ಸೈಟಿಸ್ ಪಟ್ಟಿಯಲ್ಲಿದೆ. ಕಾಡು ಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು.

ತೋಟದಲ್ಲಿ ಮರಗಸಿ ಮಾಡಿಸುವಾಗ ಆರ್ಕಿಡ್ ಉಳಿಸುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಸೀತಾಳೆಗೆ ದೊಡ್ಡ ಪೆಟ್ಟು ಬೀಳುವುದು ಕಳ್ಳರಿಂದ ಮಾತ್ರ ಅಲ್ಲ, ಮರಗಸಿಯಿಂದಲೂ ಹೌದು. ಮಳೆ ಹಿಡಿಯುವ ಮೊದಲು ಕಾಫಿಗೆ ಬೆಳಕು ಬರಲಿ ಅಂತ ನೆರಳು ಮರದ ಕೊಂಬೆ ಕಡಿಸುತ್ತೇವೆ. ಸೀತಾಳೆ ಹೂ ಬಿಡುವುದೂ ಅದೇ ದಿನಗಳಲ್ಲಿ. ಒಂದು ಬೆಳಿಗ್ಗೆ ಕತ್ತಿ ಹಿಡಿದು ಮೇಲೆ ಹತ್ತಿದರೆ ಮಧ್ಯಾಹ್ನದೊಳಗೆ ಹತ್ತು ವರ್ಷದ ಗಿಡಗಳು ನೆಲದ ಮೇಲೆ.

ಮರಗಸಿ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ನನಗೂ ಕಾಫಿ ಬೇಕು. ನಾವು ಮಾಡುತ್ತಿರುವುದು ಇಷ್ಟೇ. ಏಪ್ರಿಲ್‌ನಲ್ಲಿ ಮೇಸ್ತ್ರಿ ಜೊತೆ ಒಂದು ಸುತ್ತು ಬರುತ್ತೇವೆ. ಆರ್ಕಿಡ್ ಇರುವ ಮರದ ಬುಡಕ್ಕೆ ಸುಣ್ಣದಲ್ಲಿ ಒಂದು ಗುರುತು. ಹೆಚ್ಚಿನ ಆರ್ಕಿಡ್‌ಗಳು ಕೂತಿರುವುದು ದಪ್ಪ ಕವಲುಗಳಲ್ಲಿ ಮತ್ತು ಕಾಂಡಕ್ಕೆ ಹತ್ತಿರದ ಅಡ್ಡ ಕೊಂಬೆಗಳಲ್ಲಿ. ಬೆಳಕಿಗಾಗಿ ಕಡಿಯಬೇಕಾದ್ದು ತುದಿಯ ಸೊಪ್ಪು. ಹಾಗಾಗಿ ಎಷ್ಟೋ ಮರಗಳಲ್ಲಿ ಎರಡೂ ಆಗುತ್ತದೆ, ತುದಿ ಹೋಗುತ್ತದೆ, ಕವಲು ಉಳಿಯುತ್ತದೆ. ಮರ ಹತ್ತುವವರಿಗೆ ಅವಸರ ಮಾಡಬಾರದು. ಮರಕ್ಕೆ ಇಷ್ಟು ಅಂತ ಕೂಲಿ ಕೊಟ್ಟರೆ ಯಾರೂ ಗಿಡ ನೋಡುತ್ತಾ ಕೂರಲ್ಲ. ಗುರುತು ಹಾಕಿದ ಮರಗಳಿಗೆ ನಾನು ದಿನಗೂಲಿ ಕೊಡುತ್ತೇನೆ.

ಮೊದಲ ವರ್ಷ ಎಲ್ಲರಿಗೂ ಇದು ವಿಚಿತ್ರ ಅನ್ನಿಸಿತು. ಈಗ ಅವರೇ ಮರದ ಮೇಲಿಂದ ಕೂಗುತ್ತಾರೆ. "ಅಮ್ಮಾವ್ರೇ, ಈ ಕವಲಲ್ಲಿ ಸಣ್ಣದೊಂದು ಹೊಸದು ಐತೆ, ಹೋದ್ ವರ್ಷ ಇರ್ಲಿಲ್ಲ!" ಆ ಕೂಗು ಕೇಳಿದ ದಿನ ನನಗೆ ಊಟ ಸೇರುವುದಿಲ್ಲ, ಅಷ್ಟು ಖುಷಿ.

ಮೆಣಸಿನ ಬಳ್ಳಿ ಹಬ್ಬಿಸುವಾಗಲೂ ಕಾಂಡ ಕೆರೆದು ನುಣ್ಣಗೆ ಮಾಡುವ ಅಭ್ಯಾಸ ಇದೆ. ಆರ್ಕಿಡ್ ಇರುವ ನಾಲ್ಕು ಮರಗಳಿಗೆ ಬಳ್ಳಿ ಬೇಡ ಅಂತ ಬಿಟ್ಟರೆ ದೊಡ್ಡ ನಷ್ಟ ಏನಿಲ್ಲ.

ಬೋರ್ಡೋ ಹೊಡೆದರೆ ತೊಂದರೆಯಾ?

ಹೌದು. ಬೋರ್ಡೋ ಇರುವುದೇ ಶಿಲೀಂಧ್ರ ಕೊಲ್ಲಲು, ಅದರಲ್ಲಿರುವುದು ಮೈಲುತುತ್ತ. ತಾಮ್ರ ಕೆಲವು ಆರ್ಕಿಡ್‌ಗಳಿಗೆ, ಮುಖ್ಯವಾಗಿ ಡೆಂಡ್ರೋಬಿಯಂಗಳಿಗೆ, ನೇರವಾಗಿಯೇ ಆಗಿಬರುವುದಿಲ್ಲ. ಅಡಿಕೆಗೋ ಮೆಣಸಿಗೋ ಹೊಡೆಯುವಾಗ ಪಕ್ಕದ ಆರ್ಕಿಡ್ ಮರದ ಕಡೆಗೆ ಗನ್ ತಿರುಗಿಸಬೇಡಿ.

ಸಿಲ್ವರ್ ಓಕ್ ಮೇಲೆ ಯಾಕೆ ಕಾಣುವುದಿಲ್ಲ?

ಅಪರೂಪಕ್ಕೆ ಕಾಣಬಹುದು. ನಮ್ಮ ತೋಟದಲ್ಲಿ ನಾನು ಎಣಿಸಿದ್ದೇನೆ. ಒಂದು ಹಳೇ ಮತ್ತಿ ಮರದಲ್ಲಿ ಐದು ಜಾತಿಯ ಆರ್ಕಿಡ್ ಇವೆ. ಬೇಲಿ ಸಾಲಿನ ನಲವತ್ತು ಸಿಲ್ವರ್ ಓಕ್‌ಗಳಲ್ಲಿ ಒಂದೂ ಇಲ್ಲ. ಅದು ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೇಗ ಬೆಳೆಯುತ್ತದೆ, ಅಡ್ಡ ಕೊಂಬೆ ದಪ್ಪ ಆಗಿ ಹಳೆಯದಾಗುವಷ್ಟು ಕಾಲ ನಾವು ಬಿಡುವುದೂ ಇಲ್ಲ. ಕಡಿಯಲು ಅನುಮತಿಯ ರಗಳೆ ಇಲ್ಲ ಅಂತಲೇ ಅದನ್ನು ಹಾಕುತ್ತೇವೆ, 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಒಂದು ಕಾಡುಮರ ಬಿದ್ದ ಜಾಗಕ್ಕೆ ಇನ್ನೊಂದು ಕಾಡುಮರವನ್ನೇ ನೆಡಿ. ಆರ್ಕಿಡ್ ಉಳಿಸುವುದೆಂದರೆ ಕೊನೆಗೂ ಮರ ಉಳಿಸುವುದೇ ಅಲ್ವಾ?

ಗಾಳಿಗೆ ಕೊಂಬೆ ಮುರಿದು ಆರ್ಕಿಡ್ ನೆಲಕ್ಕೆ ಬಿದ್ದಿದೆ. ಏನು ಮಾಡಲಿ?

ತೋಟದಲ್ಲಾಗಲಿ ಮನೆ ಅಂಗಳದಲ್ಲಾಗಲಿ ಬಿದ್ದಿದ್ದರೆ ಖಂಡಿತ ಉಳಿಸಬಹುದು. ನೆಲದಲ್ಲೇ ಬಿಟ್ಟರೆ ಕೊಳೆತು ಹೋಗುತ್ತದೆ. ತೊಗಟೆಯಿಂದ ಬೇರು ಬಿಡಿಸಲು ಹೋಗಬೇಡಿ, ಆ ಕೊಂಬೆಯ ತುಂಡಿನ ಸಮೇತ ಕತ್ತರಿಸಿ. ಅದೇ ಜಾತಿಯ ಮರ ಹತ್ತಿರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒರಟು ತೊಗಟೆಯ ಯಾವುದಾದರೂ ಕಾಡುಮರ. ಸೀಬೆ, ನೀಲಗಿರಿಯಂಥ ಸಿಪ್ಪೆ ಸುಲಿಯುವ ಮರ ಬೇಡ. ಮೊದಲು ಎಷ್ಟು ಬೆಳಕಿನಲ್ಲಿತ್ತೋ ಅಷ್ಟೇ ಬೆಳಕು ಸಿಗುವ ಕಡೆ ಇಡಿ. ತುಂಡನ್ನು ಕಾಂಡಕ್ಕೆ ಒತ್ತಿ, ತೆಂಗಿನ ನಾರಿನ ಹಗ್ಗ ಅಥವಾ ಹಳೇ ಹತ್ತಿ ಬಟ್ಟೆಯ ಪಟ್ಟಿಯಿಂದ ಅಲ್ಲಾಡದಂತೆ ಕಟ್ಟಿ. ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ನೈಲಾನ್, ತಂತಿ ಬೇಡ, ಮರ ದಪ್ಪ ಆದಂತೆ ಕೊರೆಯುತ್ತದೆ. ಮಣ್ಣು, ಸಗಣಿ ಏನೂ ಮೆತ್ತಬೇಡಿ. ಮಳೆಗಾಲದ ಶುರುವಿನಲ್ಲಿ ಕಟ್ಟಿದರೆ ನೀರು ಕೂಡ ಹಾಕಬೇಕಿಲ್ಲ. ದಸರಾ ಹೊತ್ತಿಗೆ ಹೊಸ ಬೇರು ತೊಗಟೆ ಹಿಡಿದಿದ್ದರೆ ಗೆದ್ದಿರಿ.

ರಸ್ತೆ ಅಗಲ ಮಾಡಲು ಮರ ಕಡಿದಿರುವ ಕಡೆ, ಅರಣ್ಯದ ಜಾಗ ಆಗಿದ್ದರೆ, ಮೊದಲು ವಲಯ ಅರಣ್ಯಾಧಿಕಾರಿಗೆ ಬರೆದು ಕೇಳಿ. ಮರ ಬೀಳುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು, ಬಿದ್ದು ವಾರ ಕಳೆದ ಗಿಡ ಉಳಿಯುವುದು ಕಷ್ಟ.

ಸೀತಾಳೆ ದಂಡೆ ಮುಡಿಯಬಹುದಾ?

ನಮ್ಮ ತಾಯಿ, ಅಜ್ಜಿ ಎಲ್ಲ ಮುಡಿದವರೇ. ನಿಮ್ಮದೇ ತೋಟದ ಮರದಲ್ಲಿ ಹತ್ತು ಗೊಂಚಲು ಇದ್ದಾಗ ಹಬ್ಬಕ್ಕೆ ಒಂದು ಮುಡಿದರೆ ಗಿಡ ಸಾಯುವುದಿಲ್ಲ. ಕಾಯಿ ಆಗುವ ಹೂ ಅಷ್ಟು ಕಡಿಮೆ ಆಗುತ್ತದೆ. ಗೊಂಚಲು ಮಾತ್ರ ಕತ್ತರಿಸಿ, ಎಳೆಯಬೇಡಿ, ಎಳೆದರೆ ಬುಡವೇ ಕೈಗೆ ಬರುತ್ತದೆ. ಕಾಡಿನದ್ದನ್ನು ಮುಟ್ಟಬೇಡಿ.

ವೆನಿಲ್ಲಾ ಕೂಡ ಆರ್ಕಿಡ್ ಅಂತೆ?

ಹೌದು. ಎರಡು ದಶಕದ ಹಿಂದೆ ರೇಟು ಏರಿದಾಗ ನಮ್ಮಲ್ಲಿ ಅರ್ಧ ಊರು ನೆಟ್ಟ ಬಳ್ಳಿ ಅದೇ. ಅದು ಮೆಕ್ಸಿಕೋ ಕಡೆಯದು. ಇಲ್ಲಿ ಅದರ ಹುಳ ಇಲ್ಲದ ಕಾರಣ ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗ ಮುಟ್ಟಿಸುತ್ತಿದ್ದೆವು. ಆ ಉಪಾಯ ತೋರಿಸಿದ್ದು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ. ಒಂದು ಹುಳ ಇಲ್ಲದಿದ್ದರೆ ಆರ್ಕಿಡ್‌ಗೆ ಕಾಯಿ ಇಲ್ಲ ಅನ್ನುವುದು ವೆನಿಲ್ಲಾ ಬೆಳೆದವರಿಗೆ ಬೆರಳಿಗೇ ಗೊತ್ತು.

ಗೆಡ್ಡೆ ಔಷಧಿಗೆ ಒಳ್ಳೆಯದಂತೆ?

ಸಾಲಂ ಮಿಶ್ರಿ ಅಂತ ನೆಲ ಆರ್ಕಿಡ್‌ಗಳ ಗೆಡ್ಡೆ ಮಾರುತ್ತಾರೆ. ಗೆಡ್ಡೆ ಅಗೆದರೆ ಗಿಡ ಮುಗಿಯಿತು, ಎಲೆ ಕೊಯ್ದ ಹಾಗಲ್ಲ. ಅಗೆಯಬೇಡಿ, ಕೊಳ್ಳಬೇಡಿ.

ಹುಲ್ಲುಗಾವಲಿನಲ್ಲಿ ನಡೆದರೆ ತಪ್ಪಾ?

ಕಾಲುದಾರಿ ಬಿಟ್ಟು ಇಳಿದರೆ ತಪ್ಪು. ಹೆಬನೇರಿಯಾದ ಎಲೆ ನೆಲಕ್ಕೆ ಅಂಟಿಕೊಂಡಿರುತ್ತದೆ ಅಂದೆನಲ್ಲ, ಹೂ ಇಲ್ಲದಾಗ ಅದರ ಮೇಲೆ ಕಾಲಿಟ್ಟದ್ದು ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ಜೀಪು, ಬೈಕು ಹುಲ್ಲಿನ ಮೇಲೆ ಹತ್ತಿಸಿದರೆ ಕೆಸರಿನ ಎರಡು ಗೀರು ಬೀಳುತ್ತದೆ, ಮುಂದಿನ ಮಳೆಗೆ ಅದೇ ತೋಡು. ಇನ್ನು ಹುಲ್ಲುಗುಡ್ಡ ಕಂಡರೆ ಖಾಲಿ ಜಾಗ ಅಂದುಕೊಂಡು ಗಿಡ ನೆಡಲು ಹೊರಡುವವರೂ ಇದ್ದಾರೆ. ಮನಸ್ಸು ಒಳ್ಳೆಯದೇ. ಆದರೆ ಅದು ಖಾಲಿ ಜಾಗ ಅಲ್ಲ, ಅದೂ ಒಂದು ಕಾಡು, ಮೊಣಕಾಲೆತ್ತರದ್ದು. ಮರದ ನೆರಳು ಬಿದ್ದರೆ ಸಟೀರಿಯಂ ಉಳಿಯುವುದಿಲ್ಲ.

ಫೋಟೋ ಹಾಕುವಾಗ ಜಾಗ ಹೇಳಬಾರದಾ?

ಹೇಳಬೇಡಿ. ತಾಲ್ಲೂಕಿನ ಹೆಸ್ರು ಸಾಕು. ಕೆಲವು ವರ್ಷದ ಹಿಂದೆ ನಾನೇ ಒಂದು ಮರದ ಫೋಟೋ ಹಾಕಿ ತಿರುವಿನ ಹೆಸರೂ ಬರೆದಿದ್ದೆ. ಹದಿನೈದು ದಿನ ಬಿಟ್ಟು ಹೋದರೆ ಕೈಗೆಟಕುವಷ್ಟು ಎತ್ತರದವರೆಗೆ ಕಾಂಡ ಬೋಳು. ತೊಗಟೆಯಲ್ಲಿ ಬೇರಿನ ಬಿಳಿ ಗುರುತು ಮಾತ್ರ ಉಳಿದಿತ್ತು. ಫೋನ್ ಕ್ಯಾಮೆರಾದ ಲೊಕೇಶನ್ ಕೂಡ ಆಫ್ ಮಾಡಿ. ಗಿಡ, ಪ್ರಾಣಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಹಾಕುವಾಗ ಜಾಗ ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಬಳಸಿ.

ಹೂವಿನ ಎದುರು, ಪಕ್ಕ, ಎಲೆ, ಬುಡ, ಮರದ ತೊಗಟೆ, ಐದೂ ಫೋಟೋ ಇದ್ದರೆ ಹೆಸರು ಹೇಳುವುದು ಸುಲಭ. ಒಳ್ಳೆ ಫೋಟೋಗಾಗಿ ಪಕ್ಕದ ಎಲೆ ಕೀಳುವುದು, ಕೊಂಬೆ ಬಗ್ಗಿಸುವುದು ಬೇಡ.

ಹೆಸರು ಗುರುತಿಸಲು ಆಧಾರ ಏನು?

ಹಾಸನದವರು ಈ ವಿಷಯದಲ್ಲಿ ಪುಣ್ಯವಂತರು. ಫಾದರ್ ಸೆಸಿಲ್ ಸಲ್ಡಾನಾ ಮತ್ತು ಡಾನ್ ನಿಕಲ್ಸನ್ ಸೇರಿ ಇಡೀ ಹಾಸನ ಜಿಲ್ಲೆಯ ಸಸ್ಯಗಳನ್ನು ದಾಖಲಿಸಿ 1976ರಲ್ಲಿ ದೊಡ್ಡ ಗ್ರಂಥವಾಗಿ ತಂದರು. ಒಂದು ಜಿಲ್ಲೆಗೆ ಅಷ್ಟು ಕೂಲಂಕಷವಾದ ಕೆಲಸ ಆಗಿರುವುದು ಅಪರೂಪ. ಆರ್ಕಿಡ್‌ಗಳೂ ಅದರಲ್ಲಿವೆ. ಆನ್‌ಲೈನ್ ಬೇಕೆಂದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಫೋಟೋ ಹಾಕಿ ಕೇಳಬಹುದು.

ರಸ್ತೆ ಬದಿಯಲ್ಲಿ ಕಾಡು ಆರ್ಕಿಡ್ ಮಾರುತ್ತಿದ್ದರೆ?

ಪಾಪ ಅಂತ ಕೊಳ್ಳಬೇಡಿ. ನೀವು ಒಂದು ಕೊಂಡರೆ ನಾಳೆ ಅವರು ಎರಡು ಕಿತ್ತು ತರುತ್ತಾರೆ. ಜಗಳಕ್ಕೂ ಹೋಗಬೇಡಿ, ಎಷ್ಟೋ ಸಲ ಮಾರುವವರು ಚಿಕ್ಕ ಮಕ್ಕಳು. ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.

ಊರಿನ ಮಟ್ಟದಲ್ಲಿ ಏನು ಮಾಡಬಹುದು?

ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಜೀವವೈವಿಧ್ಯ ಕಾಯ್ದೆ ಹಾಗೆ ಹೇಳುತ್ತದೆ. ಆ ಸಮಿತಿ ಊರಿನ ಗಿಡಮರಗಳ ದಾಖಲಾತಿ ಪುಸ್ತಕ ಇಡಬೇಕು. ನಿಮ್ಮ ಪಂಚಾಯಿತಿಯ ಪುಸ್ತಕ ಕೇಳಿ ನೋಡಿ. ಅದರಲ್ಲಿ ಸೀತಾಳೆ ಇದೆಯಾ? ನಿಮ್ಮ ದೇವರಕಾಡಿನ ಮರಗಳಿವೆಯಾ? ಇಲ್ಲದಿದ್ದರೆ ಸೇರಿಸಿ ಅಂತ ಅರ್ಜಿ ಕೊಡಿ. ನಾಳೆ ಆ ಮರದ ಮೇಲೆ ಕಣ್ಣು ಬಿದ್ದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಮಕ್ಕಳಿಗೆ ಇದರ ಹುಚ್ಚು ಹಿಡಿಸುವುದು ಹೇಗೆ?

ಒಂದು ಮರ ಕೊಡಿ. ನಮ್ಮ ಊರಿನ ಶಾಲೆ ಪಕ್ಕದ ಹಲಸಿನ ಮರವನ್ನು ಐದನೇ ಕ್ಲಾಸಿನ ಮಕ್ಕಳಿಗೆ ವಹಿಸಿದೆವು. ತಿಂಗಳಿಗೊಮ್ಮೆ ಅದರ ಮೇಲಿನ ಆರ್ಕಿಡ್‌ಗಳನ್ನು ಎಣಿಸಿ ಬರೆಯುತ್ತಾರೆ, ಹೊಸ ಎಲೆ ಎಷ್ಟು, ಮೊಗ್ಗು ಬಂತಾ, ಕಾಯಿ ಬಿರಿಯಿತಾ ಅಂತ. ಪ್ರತಿ ವರ್ಷ ಪುಸ್ತಕ ಮುಂದಿನ ಐದನೇ ಕ್ಲಾಸಿಗೆ ಹೋಗುತ್ತದೆ. ಹೋದ ಮೇ ತಿಂಗಳಲ್ಲಿ ರಜೆ ಇದ್ದರೂ ಇಬ್ಬರು ಹುಡುಗಿಯರು ಮಳೆಯಲ್ಲೇ ಓಡಿ ಬಂದು ನಮ್ಮ ಮನೆ ಗೇಟು ತಟ್ಟಿದರು. ಎಂಟನೇ ನಂಬರಿನ ಸೀತಾಳೆ, ಮೂರು ವರ್ಷದಿಂದ ಸುಮ್ಮನಿದ್ದದ್ದು, ಮೊದಲ ಸಲ ದಂಡೆ ಬಿಟ್ಟಿತ್ತು.